ಚಿಕ್ಕ ತೋಟೆ, ದೊಡ್ಡ ಲೆಕ್ಕ

ಕಳೆದ ಸಲ ನಮ್ಮ ಸಂಘದ ಊಟದ ಪಂಕ್ತಿಯಲ್ಲಿ ಮಾತು ಊರಿನ ಕಾಡುಹಂದಿಗಳ ಕಡೆ ತಿರುಗಿತು. ಸುಳ್ಯ, ಪುತ್ತೂರು, ಕಾಸರಗೋಡು ಕಡೆಯವರದೆಲ್ಲ ಒಂದೇ ಗೋಳು: ಬಾಳೆ, ಗೆಣಸು, ಅಡಿಕೆ ಸಸಿ ಯಾವುದೂ ಉಳಿಯುವುದಿಲ್ಲ. ಆಗ ಒಬ್ಬ ತರುಣ ಎಂಜಿನಿಯರ್ ಕೇಳಿದ: "ಡಾಕ್ಟ್ರೇ, ಅಮೆರಿಕದಲ್ಲಿ ಉಪದ್ರವದ ಪ್ರಾಣಿಗಳಿಗೆಂದೇ ಚಿಕ್ಕ ತೋಟೆಗಳನ್ನು ಮನೆಯಲ್ಲೇ ತುಂಬಿಸಿಕೊಳ್ಳುತ್ತಾರಂತೆ. ವೈಲ್ಡ್‌ಕ್ಯಾಟ್ ಅಂತ ಹೆಸರು. ನಮ್ಮವರಿಗೂ ಅದು ಯಾಕಾಗಬಾರದು?" ಕೈ ತೊಳೆಯುವ ಹೊತ್ತಿಗೆ ನನ್ನ ಉತ್ತರ ಮುಗಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ. ವೈದ್ಯನಿಗೆ ಕೋವಿಯ ಗೊಡವೆ ಯಾಕೆ ಎನ್ನಬೇಡಿ. ನಾನು ತೋಟೆ ತುಂಬಿಸುವ ಮನೆಯಲ್ಲೇ ಬೆಳೆದವನು.

ತೋಟೆ ಎಂದರೇನು?

ರೈಫಲಿನ ತೋಟೆಯಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಚಿಪ್ಪು, ಕಿಡಿ ಕೊಡುವ ಕೇಪು, ಉರಿಯುವ ಮದ್ದು, ತುದಿಯಲ್ಲಿ ಗುಂಡು. ರಿಮ್‌ಫೈರ್ ತೋಟೆಯಲ್ಲಿ ಕಿಡಿಯ ಮದ್ದು ಚಿಪ್ಪಿನ ಅಂಚಿನೊಳಗೇ ಇರುತ್ತದೆ. ಸೂಜಿ ಬಡಿದರೆ ಅಂಚು ಜಜ್ಜಿಹೋಗುತ್ತದೆ, ಚಿಪ್ಪನ್ನು ಎಸೆಯಬೇಕು. ಸೆಂಟರ್‌ಫೈರ್‌ನಲ್ಲಿ ಕೇಪು ತಳದ ನಡುವೆ ತನ್ನದೇ ಗುಳಿಯಲ್ಲಿ ಕುಳಿತಿರುತ್ತದೆ. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಬಹುದು. ಹಾಗಾಗಿ ಅದೇ ಚಿಪ್ಪನ್ನು ಹಲವು ಸಲ ಬಳಸಬಹುದು.

ಕಾರ್ಖಾನೆಯಲ್ಲಿ ಸಿಗುವ ಚಿಪ್ಪಿನ ಕೊರಳನ್ನು ಕಿರಿದಾಗಿಸಿ, ಭುಜದ ಆಕಾರ ಬದಲಿಸಿ, ಅದಕ್ಕೆ ತಕ್ಕಂತೆ ಕೋವಿಯ ಕೋಣೆಯನ್ನೂ ಕೊರೆಸಿ ಹವ್ಯಾಸಿಗಳು ಮಾಡಿಕೊಂಡ ತೋಟೆಯೇ ವೈಲ್ಡ್‌ಕ್ಯಾಟ್. ಜನಪ್ರಿಯವಾದರೆ ಕಂಪನಿಗಳೇ ಅದನ್ನು ತಯಾರಿಸತೊಡಗುತ್ತವೆ. 1920ರ ದಶಕದ ಪ್ರಯೋಗಗಳಿಂದ ಬಂದ .22 ಹಾರ್ನೆಟ್ಟನ್ನು ವಿಂಚೆಸ್ಟರ್ ಕಂಪನಿ 1930ರಲ್ಲಿ ಮಾರುಕಟ್ಟೆಗೆ ತಂದಿತು. ದಶಕಗಳ ಕಾಲ ವೈಲ್ಡ್‌ಕ್ಯಾಟ್ ಆಗಿಯೇ ಇದ್ದ .22-250 ತೋಟೆಯನ್ನು ರೆಮಿಂಗ್ಟನ್ ಕಂಪನಿ 1965ರಲ್ಲಿ ಒಪ್ಪಿಕೊಂಡಿತು.

ಗ್ರೇನ್ ಲೆಕ್ಕ

ತೋಟೆಯ ಮದ್ದನ್ನೂ ಗುಂಡನ್ನೂ ತೂಗುವುದು ಗ್ರೇನ್‌ನಲ್ಲಿ. ಹಳೆಯ ವೈದ್ಯರಿಗೆ ಇದು ಪರಿಚಿತ ಅಳತೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಆಸ್ಪಿರಿನ್ ಮಾತ್ರೆ 325 ಮಿಲಿಗ್ರಾಂ ಆದದ್ದು ಅದು ಐದು ಗ್ರೇನ್ ಆಗಿದ್ದರಿಂದ. 1971ರಲ್ಲಿ ಬಂದ .17 ರೆಮಿಂಗ್ಟನ್ ತೋಟೆಯ ಗುಂಡು 25 ಗ್ರೇನ್, ಅಂದರೆ ಅಂಥ ಐದು ಮಾತ್ರೆಗಳ ಮದ್ದಿನಷ್ಟು ತೂಕ. ಅದು ಸೆಕೆಂಡಿಗೆ 1,200 ಮೀಟರಿಗೂ ಹೆಚ್ಚು ವೇಗದಲ್ಲಿ, ಶಬ್ದದ ಮೂರು ಪಟ್ಟಿಗೂ ಮಿಕ್ಕಿ ಹೋಗುತ್ತದೆ. ತೂಕ ಇಮ್ಮಡಿಯಾದರೆ ಶಕ್ತಿ ಇಮ್ಮಡಿ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು. ಚಿಕ್ಕ ತೋಟೆಯ ಗುಟ್ಟು ಇಷ್ಟೇ.

ಅಪಾಯವೂ ಅಲ್ಲೇ ಇದೆ. 50 ಗ್ರೇನ್ ಮದ್ದು ಹಿಡಿಯುವ ದೊಡ್ಡ ಚಿಪ್ಪಿನಲ್ಲಿ ಒಂದು ಗ್ರೇನ್ ಹೆಚ್ಚಾದರೆ ನೂರಕ್ಕೆ ಎರಡರಷ್ಟು ತಪ್ಪು. 10 ಗ್ರೇನಿನ ಚಿಪ್ಪಿನಲ್ಲಿ ಅದೇ ಒಂದು ಗ್ರೇನ್ ನೂರಕ್ಕೆ ಹತ್ತು. ಹಸುಗೂಸಿಗೆ ಔಷಧಿ ಕೊಡುವಾಗ ನಮ್ಮ ಕೈ ನಡುಗುವುದು ಇದೇ ಕಾರಣಕ್ಕೆ. ಒತ್ತಡವಂತೂ ಮದ್ದಿನಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ, ಒಮ್ಮೆಲೇ ಜಿಗಿಯುತ್ತದೆ.

ದೊಡ್ಡಪ್ಪನ ಕೈ

ನಮ್ಮ ದೊಡ್ಡಪ್ಪನದು 12 ಬೋರಿನ ಒಂಟಿ ನಳಿಗೆಯ ಕೋವಿ. ಹಿತ್ತಾಳೆಯ ತೋಟೆಗಳಿಗೆ ಅವರೇ ಕರಿ ಮಸಿ, ಚರೆ ತುಂಬಿಸುತ್ತಿದ್ದರು. ಮಸಿಗೆ ತೂಕವಿಲ್ಲ, ಒಂದು ಪುಟ್ಟ ಹಿತ್ತಾಳೆಯ ಅಳತೆ, ಅಷ್ಟೇ. ಕರಿ ಮಸಿ ಅಷ್ಟರಮಟ್ಟಿಗೆ ಸೈರಿಸಿಕೊಳ್ಳುತ್ತದೆ. 1974ರಲ್ಲಿ ಯಾರೋ ಪರಿಚಯದವರು ಕೊಟ್ಟ ರೈಫಲ್ ತೋಟೆಗಳನ್ನು ಬಿಚ್ಚಿ, ಅದರ ಹೊಗೆಯಿಲ್ಲದ ಮದ್ದನ್ನು ಅದೇ ಅಳತೆಯಲ್ಲಿ ತುಂಬಿಸಿದರು. ಹೊಗೆಯಿಲ್ಲದ ಮದ್ದಿನ ಬಲ ಮಸಿಯದಕ್ಕಿಂತ ಎಷ್ಟೋ ಹೆಚ್ಚು. ಮೊದಲ ಈಡಿಗೇ ನಳಿಗೆಯ ಬುಡ ಸೀಳಿತು. ನಳಿಗೆಯ ಕೆಳಗೆ ಹಿಡಿದಿದ್ದ ಎಡಗೈಯ ಎರಡು ಬೆರಳು ಹೋದವು. ನಾನಾಗ ಒಂಬತ್ತನೇ ಕ್ಲಾಸು. ಜೀಪು ಬರುವವರೆಗೆ ಆ ಕೈಗೆ ಬೈರಾಸು ಸುತ್ತಿ ಹಿಡಿದುಕೊಂಡು ಕೂತವನು ನಾನೇ. ಮುಂದೆ ಡಾಕ್ಟರಾದದ್ದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಅದೂ ಒಂದು.

ನಮ್ಮ ಹಂದಿಗೆ ಇದು ಹೊಂದುವುದಿಲ್ಲ

ಈಗ ಪ್ರಶ್ನೆಗೆ ಬರೋಣ. ಈ ತೋಟೆಗಳು ಹುಟ್ಟಿದ್ದು ಅಮೆರಿಕದ ಬಯಲಿನಲ್ಲಿ, ಬಿಲ ತೋಡುವ ಪುಟ್ಟ ಪ್ರಾಣಿಗಳನ್ನು ನೂರಿನ್ನೂರು ಮೀಟರ್ ದೂರದಿಂದ ಹೊಡೆಯಲು. ತಗುಲಿದ ಕೂಡಲೇ ಚೂರಾಗುವಂತೆ ಗುಂಡನ್ನು ತೆಳ್ಳಗೆ ಮಾಡಿರುತ್ತಾರೆ, ನೆಲಕ್ಕೆ ಬಡಿದು ಪುಟಿಯಬಾರದೆಂದು. ಬಲಿತ ಗಂಡುಹಂದಿಯ ಭುಜದ ಮೇಲೆ ದಪ್ಪನೆಯ ಗುರಾಣಿಯಂಥ ಪದರವಿದೆ. ಅಂಥ ಗುಂಡು ಅಲ್ಲೇ ಒಡೆದು ಮೇಲ್ಮೈಯ ಗಾಯ ಮಾಡಬಹುದು. ಗಾಯಗೊಂಡ ಹಂದಿ ಕತ್ತಲೆಯಲ್ಲಿ ತೋಟದೊಳಗಿದ್ದರೆ ಬೆಳಿಗ್ಗೆ ಸೊಪ್ಪಿಗೆ ಹೋಗುವವರ ಗತಿಯೇನು?

ಕಾನೂನಿನ ಮಾತೂ ಇದೆ. ಭಾರತದಲ್ಲಿ ಕೋವಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆ, ಹಂದಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ, ಬೇಟೆಯ ಕಾನೂನಿನಿಂದಲ್ಲ. ಕೇರಳದಲ್ಲಿ 2022ರಿಂದ ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ ಪಂಚಾಯತು ಅಧ್ಯಕ್ಷರಿಗಿದೆ. ಕಾಸರಗೋಡಿನವರಿಗೆ ಇದು ಅನ್ವಯ. ಆದರೂ ಹೊಡೆಯಬೇಕಾದವರು ಲೈಸೆನ್ಸು ಉಳ್ಳವರು.

ಕೊನೆಯದಾಗಿ, ರಜೆಗೆ ಊರಿಗೆ ಹೋಗುವ ಕುಟುಂಬಗಳಿಗೆ ಒಂದು ಮಾತು. ಹಳೆಯ ಮನೆಗಳ ಅಟ್ಟದಲ್ಲಿ, ಪತ್ತಾಯದ ಸಂದಿಯಲ್ಲಿ ಅಜ್ಜನ ಕಾಲದ ತೋಟೆಗಳು ಇನ್ನೂ ಸಿಗುತ್ತವೆ. ಮಕ್ಕಳ ಕೈಗೆ ಕೊಡಬೇಡಿ, ಬಿಚ್ಚಬೇಡಿ, ಒಲೆಗೆ ಎಸೆಯಬೇಡಿ. ಪೊಲೀಸ್ ಠಾಣೆಗೆ ತಿಳಿಸಿ. ನೆನಪಿಗೆಂದು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಲಂತೂ ಬೇಡಿ. ಮಲೇಷ್ಯಾದ 1960ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ಕೋವಿ ಮಾತ್ರವಲ್ಲ, ತೋಟೆ ಇಟ್ಟುಕೊಳ್ಳುವುದೂ ಅಪರಾಧ.

ದೊಡ್ಡಪ್ಪ ಆಮೇಲೆ ಮೂವತ್ತು ವರ್ಷ ಬದುಕಿದರು. ಮೂರು ಬೆರಳಿನ ಆ ಕೈಯಲ್ಲೇ ಅಡಿಕೆ ಸುಲಿಯುತ್ತಿದ್ದರು. ಹಂದಿ ಬಂದ ರಾತ್ರಿ ತಗಡಿನ ಡಬ್ಬ ಬಡಿಯುತ್ತಿದ್ದರು.