ಗುಡ್ಡ ಹತ್ತುವವರ ಊರು

ಬಾರ್ಸಿಲೋನಾ ಎಂದೊಡನೆ ಕಡಲತೀರ, ಗೌಡಿ ಕಟ್ಟಿದ ಚರ್ಚು, ಫುಟ್‌ಬಾಲ್ ಕ್ಲಬ್ಬು ನೆನಪಾಗುತ್ತವೆ. ಊರಿನ ಬೆನ್ನಿಗೆ ನಿಂತ ಗುಡ್ಡಗಳಲ್ಲಿ ಹಲವು ಮೊನ್ನೆ ಮೊನ್ನೆಯವರೆಗೂ ಹೆಚ್ಚಿನ ಪ್ರವಾಸಿಗರ ಪಟ್ಟಿಯಲ್ಲಿ ಇರಲಿಲ್ಲ. ಈಗ ಅವುಗಳಲ್ಲಿ ಒಂದಾದ, 262 ಮೀಟರ್ ಎತ್ತರದ ತುರೋ ದ ಲಾ ರೊವೀರಾ ಗುಡ್ಡದ ನೆತ್ತಿಗೆ ಸಂಜೆಯಾದರೆ ಜನ ಸಾಲುಗಟ್ಟುತ್ತಾರೆ. ಅಲ್ಲಿ ನಿಂತರೆ ಇಡೀ ಊರು, ಬಂದರು, ಅದರಾಚೆಯ ಕಡಲು ಒಂದೇ ನೋಟಕ್ಕೆ ಸಿಗುತ್ತವೆ. ಗುಡ್ಡದ ಮಗ್ಗುಲಿನ ಇಳಿಜಾರಿನಲ್ಲಿ ಎಲ್ ಕಾರ್ಮೆಲ್ ಎಂಬ ಬಡಾವಣೆಯಿದೆ. ಬಂದವರು ನೋಟ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ, ಇಳಿದು ಹೋಗುತ್ತಾರೆ. ಆದರೆ ಈ ಜಾಗದ ನಿಜವಾದ ಚರಿತ್ರೆ ಇರುವುದು ಅದನ್ನು ದಿನಾ ಹತ್ತಿ ಇಳಿದವರ ಬದುಕಿನಲ್ಲಿ. ಹಾಗಾಗಿ ಇಲ್ಲಿನ ರಸ್ತೆ, ಬಸ್ಸು, ರಾತ್ರಿಯ ನಿದ್ದೆ ಮೊದಲು ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಬಂದಾಗ ಅಲ್ಲಿನ ನಿವಾಸಿಗಳ ಪರ ನಿಲ್ಲುವುದೇ ನ್ಯಾಯ ಎಂದು ನನಗೆ ಅನಿಸುತ್ತದೆ.

ಗುಡ್ಡ ಹತ್ತುವುದು ಇಲ್ಲಿ ಎಷ್ಟು ದೊಡ್ಡ ಸಂಗತಿ ಎಂಬುದಕ್ಕೆ ಪಕ್ಕದ ಪಾರ್ಕ್ ಗ್ವೆಲ್ಲೇ ಸಾಕ್ಷಿ. ಇಂದು ಜಗತ್ತೇ ಬಂದು ನೋಡುವ ಈ ಉದ್ಯಾನ ಹುಟ್ಟಿದ್ದು ಒಂದು ಸೋತ ಲೇಔಟಾಗಿ. 1900ರಲ್ಲಿ ಉದ್ಯಮಿ ಎವುಸೆಬಿ ಗ್ವೆಲ್ ಸಿರಿವಂತರಿಗಾಗಿ ಸುಮಾರು 60 ನಿವೇಶನಗಳ ಬಡಾವಣೆ ಮಾಡಹೊರಟು, ವಿನ್ಯಾಸದ ಕೆಲಸವನ್ನು ಗೌಡಿಗೆ ಒಪ್ಪಿಸಿದ. 1914ರಲ್ಲಿ ಕೆಲಸ ನಿಂತಾಗ ಎದ್ದಿದ್ದು ಎರಡೇ ಮನೆ. ಮಾರಾಟದ ಷರತ್ತುಗಳು ಬಿಗಿಯಾಗಿದ್ದವು ನಿಜ, ಆದರೆ ಇನ್ನೊಂದು ಕಾರಣ ಬಹಳ ಸರಳ: ಅಷ್ಟು ಎತ್ತರಕ್ಕೆ ಹೋಗಿಬರಲು ಸರಿಯಾದ ವಾಹನ ಸೌಕರ್ಯವಿರಲಿಲ್ಲ. ಆಯ್ಕೆಯಿದ್ದ ಹಣವಂತರು ಬರಲಿಲ್ಲ. ಕೆಲವು ದಶಕಗಳ ನಂತರ ಅದೇ ಗುಡ್ಡಗಳನ್ನು ಬೇರೆ ದಾರಿಯಿಲ್ಲದವರು ಹತ್ತಿದರು.

ಅವರು ಹತ್ತುವ ಮೊದಲು ಅಲ್ಲಿಗೆ ಯುದ್ಧ ಬಂದಿತ್ತು. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಬಾರ್ಸಿಲೋನಾದ ಮೇಲೆ ವಿಮಾನಗಳು ಮತ್ತೆ ಮತ್ತೆ ಬಾಂಬು ಸುರಿದವು. 1938ರ ಮಾರ್ಚ್ ತಿಂಗಳ ಮೂರು ದಿನಗಳ ದಾಳಿ ಅವುಗಳಲ್ಲೆಲ್ಲ ಭೀಕರವಾದದ್ದು. ಊರನ್ನು ಕಾಯಲೆಂದು ಗಣರಾಜ್ಯದ ಸರ್ಕಾರ ಈ ನೆತ್ತಿಯ ಮೇಲೆ ವಿಮಾನ ಹೊಡೆದುರುಳಿಸುವ ಫಿರಂಗಿಗಳನ್ನು ನಿಲ್ಲಿಸಿತು. 1939ರ ಜನವರಿಯಲ್ಲಿ ಊರು ಗಣರಾಜ್ಯದ ವಿರುದ್ಧ ದಂಗೆಯೆದ್ದ ಫ್ರಾಂಕೋನ ಸೇನೆಯ ವಶವಾದ ಮೇಲೆ ಕಾಂಕ್ರೀಟು ಕಟ್ಟೆಗಳು, ಸೈನಿಕರ ಕೋಣೆಗಳು ಖಾಲಿ ಬಿದ್ದವು. ಆಂದಲೂಸಿಯಾ, ಎಸ್ತ್ರೆಮಾದುರಾ ಮೊದಲಾದ ಬಡ ಪ್ರಾಂತಗಳಿಂದ ಹೊಟ್ಟೆಪಾಡಿಗೆ ಬಂದವರಿಗೆ ಊರಿನೊಳಗೆ ಬಾಡಿಗೆ ಮನೆ ಎಟುಕುತ್ತಿರಲಿಲ್ಲ. ಅವರು ಈ ಖಾಲಿ ಕೋಣೆಗಳನ್ನು ಸೇರಿಕೊಂಡರು, ಸುತ್ತಲೂ ಗುಡಿಸಲು ಕಟ್ಟಿದರು. ನೀರನ್ನು ಹೊತ್ತು ತರಬೇಕು, ಸಿಮೆಂಟು ಇಟ್ಟಿಗೆಯನ್ನೂ ಹೊತ್ತು ತರಬೇಕು. ಹಾಗೆ ಕಟ್ಟಿದ ಮನೆಗಳ ನೆಲ ಇಂದಿಗೂ ಅಲ್ಲಲ್ಲಿ ಉಳಿದಿದೆ. ಗೋಡೆಯಿಲ್ಲ, ಸೂರಿಲ್ಲ, ಬಯಲಿಗೆ ಬಿದ್ದ ಒಂದಿಷ್ಟು ಅಳತೆಯ ನೆಲದ ಮೇಲೆ ಬಣ್ಣದ ಹೆಂಚುಬಿಲ್ಲೆಗಳು ಮಾತ್ರ. ಯಾವಾಗ ಕೆಡವುತ್ತಾರೋ ಗೊತ್ತಿಲ್ಲದ ಮನೆಗೂ ಚೆಂದದ ನೆಲ ಬೇಕೆಂದು ಯಾರೋ ಬಯಸಿದ್ದರು. ಈ ಗುಡ್ಡದ ಮೇಲೆ ನೋಡಲೇಬೇಕಾದದ್ದು ಏನು ಎಂದು ಕೇಳಿದರೆ ನಾನು ಈ ನೆಲವನ್ನೇ ತೋರಿಸುತ್ತೇನೆ.

ಆ ಗುಡಿಸಲುಗಳಲ್ಲಿ ಕೊನೆಯವು ನೆಲಸಮವಾದದ್ದು 1990ರಲ್ಲಿ, ಒಲಿಂಪಿಕ್ಸ್‌ಗೆ ಊರು ಸಿಂಗರಿಸಿಕೊಳ್ಳುತ್ತಿದ್ದಾಗ. ಅಲ್ಲಿಯವರೆಗೆ ಗುಡ್ಡದ ಮೇಲಿನವರಿಗೆ ಯಾವ ಸೌಕರ್ಯವೂ ಕೇಳದೆ ಸಿಕ್ಕಿದ್ದಿಲ್ಲ. ಊರಿನ ಇನ್ನೊಂದು ಗುಡ್ಡದಲ್ಲಿರುವ ತೊರ್ರೆ ಬಾರೋ ಬಡಾವಣೆಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಆ ಕಡಿದಾದ ತಿರುವುಗಳಲ್ಲಿ ಬಸ್ಸು ಹತ್ತುವುದು ಅಸಾಧ್ಯ ಎಂದು ಅಧಿಕಾರಿಗಳು ಹೇಳುತ್ತಲೇ ಇದ್ದರು. ಅಲ್ಲೇ ವಾಸವಿದ್ದ ಬಸ್ ಚಾಲಕ ಮನುಯೆಲ್ ವಿತಾಲ್ 1978ರ ಮೇ 7ರಂದು ತಾನು ಓಡಿಸುತ್ತಿದ್ದ 47ನೇ ನಂಬರಿನ ಬಸ್ಸನ್ನು ಮಾರ್ಗ ಬಿಟ್ಟು ನೇರ ಗುಡ್ಡಕ್ಕೆ ಹತ್ತಿಸಿದ. ಬಸ್ಸು ಹತ್ತಿತು. 2024ರಲ್ಲಿ ಈ ಘಟನೆಯ ಮೇಲೆ ಸಿನಿಮಾ ಬಂದು ಸ್ಪೇನಿನ ಥಿಯೇಟರುಗಳು ತುಂಬಿದವು. ಕಾರ್ಮೆಲ್‌ನವರಿಗೆ ಮೆಟ್ರೊ ಕೂಡ ಸುಮ್ಮನೆ ಬರಲಿಲ್ಲ. 2005ರ ಜನವರಿಯಲ್ಲಿ ಸುರಂಗ ಕುಸಿದು ಸಾವಿರಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು. ಕೊನೆಗೂ ರೈಲು ಓಡಿದ್ದು 2010ರಲ್ಲಿ. ಹುವಾನ್ ಮಾರ್ಸೆ 1966ರ ತಮ್ಮ ಪ್ರಸಿದ್ಧ ಕಾದಂಬರಿಯಲ್ಲಿ ಕಾರ್ಮೆಲ್‌ನ ಬಡ ಹುಡುಗನೊಬ್ಬನನ್ನು ಕದ್ದ ಮೋಟಾರ್‌ಸೈಕಲ್ಲಿನ ಮೇಲೆ ಶ್ರೀಮಂತರ ಬಾರ್ಸಿಲೋನಾಕ್ಕೆ ಇಳಿಸಿದ್ದರ ಅರ್ಥ ಈ ಹಿನ್ನೆಲೆಯಲ್ಲಿ ಚೆನ್ನಾಗಿ ಆಗುತ್ತದೆ.

ಇಷ್ಟು ಹೋರಾಡಿ ಗಳಿಸಿದ ಸೌಕರ್ಯಕ್ಕೆ ಈಗ ಹೊಸ ಪಾಲುದಾರರು ಬಂದಿದ್ದಾರೆ. ಪಾರ್ಕ್ ಗ್ವೆಲ್ ಬಳಿ ಓಡಾಡುವ 116ನೇ ನಂಬರಿನ ಪುಟ್ಟ ಬಸ್ಸು ಇರುವುದೇ ಇಕ್ಕಟ್ಟಿನ ಏರುರಸ್ತೆಯ ಜನರಿಗಾಗಿ. ಅದು ಪ್ರವಾಸಿಗರಿಂದ ತುಂಬಿ, ಕೋಲೂರಿಕೊಂಡು ಬಂದ ಮುದುಕರಿಗೆ ಹತ್ತಲೂ ಜಾಗವಿಲ್ಲದಂತಾಯಿತು. ನಿವಾಸಿಗಳ ಒತ್ತಾಯಕ್ಕೆ 2024ರಲ್ಲಿ ನಗರಾಡಳಿತ ಆ ಮಾರ್ಗವನ್ನು ಗೂಗಲ್ ನಕ್ಷೆಯಿಂದಲೇ ತೆಗೆಸಿಹಾಕಿತು. ಅದಕ್ಕೂ ಮೊದಲು, 2023ರ ಮೇ ತಿಂಗಳಲ್ಲಿ, ತುರೋ ದ ಲಾ ರೊವೀರಾದ ನೆತ್ತಿಗೆ ಬೇಲಿ ಬಂತು. ನಡುರಾತ್ರಿಯವರೆಗೆ ನಡೆಯುತ್ತಿದ್ದ ಕುಡಿತ, ಹಾಡು, ಗದ್ದಲಕ್ಕೆ ಬೇಸತ್ತವರ ದೂರಿನಿಂದಾಗಿ ಈಗ ಸಂಜೆಯ ಬಳಿಕ ಒಳಗೆ ಬಿಡುವುದಿಲ್ಲ.

ಇದಕ್ಕೆ ಆಕ್ಷೇಪಗಳಿವೆ. ನೋಟ ಯಾರಪ್ಪನ ಆಸ್ತಿಯೂ ಅಲ್ಲ, ಸಾರ್ವಜನಿಕ ಜಾಗಕ್ಕೆ ಬೇಲಿ ಹಾಕುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಇದೇ ನೆತ್ತಿಯ ಪುನರುದ್ಧಾರಕ್ಕೆ 2012ರಲ್ಲಿ ಸಿಕ್ಕಿದ್ದು ಯುರೋಪಿನ ನಗರ ಸಾರ್ವಜನಿಕ ಸ್ಥಳ ಪ್ರಶಸ್ತಿ. ಆದರೆ ಹಗಲೆಲ್ಲ ಗುಡ್ಡ ತೆರೆದೇ ಇದೆ, ಟಿಕೆಟ್ಟೂ ಇಲ್ಲ. ರಾತ್ರಿಯ ಕೆಲವು ತಾಸು ಕೆಳಗಿನ ಮನೆಗಳವರ ನಿದ್ದೆಗೆ ಬಿಟ್ಟುಕೊಡುವುದರಿಂದ ಸಾರ್ವಜನಿಕರ ಹಕ್ಕಿಗೆ ದೊಡ್ಡ ಕುಂದೇನೂ ಬರುವುದಿಲ್ಲ. ಪ್ರವಾಸಿಗರು ಹಣ ತರುತ್ತಾರಲ್ಲ ಎಂಬುದು ಎರಡನೆಯ ವಾದ. ಬಾರ್ಸಿಲೋನಾಕ್ಕೆ ತರುತ್ತಾರೆ, ಒಪ್ಪುತ್ತೇನೆ. ಆದರೆ ಬಾಟಲಿ ಕೈಯಲ್ಲಿ ಹಿಡಿದು ಬಂದು ಸೂರ್ಯಾಸ್ತ ನೋಡಿ ಹೋಗುವವರು ಕಾರ್ಮೆಲ್‌ನ ಅಂಗಡಿಗಳಲ್ಲಿ ಖರ್ಚು ಮಾಡುವುದು ಎಷ್ಟರಮಟ್ಟಿಗೆ? ಉಳಿಯುವ ಕಸ ಮಾತ್ರ ಅಲ್ಲೇ ಉಳಿಯುತ್ತದೆ.

ಮೂರನೆಯ ಆಕ್ಷೇಪ ಇವೆರಡಕ್ಕಿಂತ ಗಟ್ಟಿಯಾದದ್ದು. ಈ ಗುಡ್ಡದವರೇ ಒಂದು ಕಾಲದಲ್ಲಿ ಹೊರಗಿನಿಂದ ಬಂದವರು, ಬೇಡವೆಂದರೂ ಬಂದು ನೆಲೆಸಿದವರು; ಈಗ ಅವರೇ ಹೊರಗಿನವರನ್ನು ತಡೆಯುವುದು ಹೇಗೆ ಒಪ್ಪಿತ? ಹುಟ್ಟಿದ ಊರನ್ನು ನೋಡಿ ತಡೆದಿದ್ದರೆ ಅದು ಖಂಡಿತ ತಪ್ಪಾಗುತ್ತಿತ್ತು. ಹಾಗೇನೂ ಇಲ್ಲ. ಲ್ಯಾಟಿನ್ ಅಮೆರಿಕದಿಂದಲೋ ಪಾಕಿಸ್ತಾನದಿಂದಲೋ ಬಂದು ಇಲ್ಲಿ ಬಾಡಿಗೆಗಿರುವವನೂ 116ನೇ ಬಸ್ಸಿಗೆ ಕಾಯುವವನೇ, ಅವನ ಮಕ್ಕಳಿಗೂ ರಾತ್ರಿ ನಿದ್ದೆ ಬೇಕು. ಬೇಲಿಯಿಂದ ಅವನಿಗೂ ಉಪಕಾರವೇ ಆಗಿದೆ. ಆದರೆ ಬಸ್ಸನ್ನು ನಕ್ಷೆಯಿಂದ ಅಡಗಿಸುವುದು ಹೆಚ್ಚು ದಿನ ನಡೆಯುವ ಉಪಾಯವಲ್ಲ, ಆ ಮಾರ್ಗವನ್ನು ಜನ ಇನ್ನೊಂದು ಕಡೆಯಿಂದ ಪತ್ತೆಮಾಡುತ್ತಾರೆ. ಪಾರ್ಕ್ ಗ್ವೆಲ್‌ನ ಮುಖ್ಯ ಭಾಗಕ್ಕೆ 2013ರಿಂದ ಟಿಕೆಟ್ ಇದೆ. ಆ ಹಣದಲ್ಲಿ ಸಂದರ್ಶಕರಿಗೇ ಬೇರೆ ಬಸ್ಸು ಓಡಿಸಿ, 116ನ್ನು ಇಳಿಜಾರಿನ ಜನರಿಗೆ ಬಿಟ್ಟುಕೊಡುವುದು ಮೇಲು. ಬಸ್ಸು ಗುಡ್ಡ ಹತ್ತಬಲ್ಲದು ಎಂಬುದಂತೂ 1978ರಲ್ಲೇ ಇತ್ಯರ್ಥವಾಗಿದೆ.