ಅಂಚಿನ ಗೆರೆ ಅಳಿಸಿದವರು

ಪಾಲಬಾವಿಯ ಜಾತ್ರೆಗೋ ಹಾರೂಗೇರಿಯ ಯಾವುದೋ ಲಗ್ನಕ್ಕೋ ಕಟ್ಟಿದ ಫ್ಲೆಕ್ಸನ್ನು ಹತ್ತಿರ ಹೋಗಿ ನೋಡಿ. ಹಿರಿಯರ ಪೇಟಾದ ಸುತ್ತ, ಹುಡುಗರ ಕೆದರಿದ ಕೂದಲ ಸುತ್ತ ತೆಳ್ಳನೆಯ ಬಿಳಿ ಗೆರೆ ಉಳಿದಿರುತ್ತದೆ. ಸುಣ್ಣದ ಗೋಡೆಯ ಮುಂದೆ ಮೊಬೈಲಿನಲ್ಲಿ ತೆಗೆದ ಫೋಟೋ ಕತ್ತರಿಸಿ ಕಡುನೀಲಿ ಬ್ಯಾಕ್‌ಗ್ರೌಂಡಿಗೆ ಕೂರಿಸಿದಾಗ ಗೋಡೆಯೂ ಒಂದಿಷ್ಟು ಜೊತೆಗೆ ಬಂದಿರುತ್ತದೆ. "ಬಿಳೀ ಗೆರಿ ಹಂಗ ಉಳದೈತಲ್ಲೋ ತಮ್ಮಾ" ಅಂದರೆ ಡಿಸೈನ್ ಮಾಡುವ ಹುಡುಗ ಫೋಟೊಶಾಪಿನಲ್ಲಿ ಡಿಫ್ರಿಂಜ್ ಒತ್ತಿ, ಒಂದು ಪಿಕ್ಸೆಲ್ ಎಂದು ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ಆ ಕ್ಲಿಕ್ಕಿನ ಹಿಂದೆ ಅರ್ಧ ಶತಮಾನದ ಒದ್ದಾಟವಿದೆ. ಅದರ ಶುರುವಾತಿಗೆ ನಮ್ಮ ಮೈಸೂರು ಸೀಮೆಯ ಹುಡುಗನೊಬ್ಬನೂ ಸಿಗುತ್ತಾನೆ.

ಆತ ಸಾಬು. 1924ರಲ್ಲಿ ಹೆಗ್ಗಡದೇವನಕೋಟೆ ಕಡೆಯ ಕಾರಾಪುರದಲ್ಲಿ ಹುಟ್ಟಿದವನು, ಮಹಾರಾಜರ ಆನೆ ಮಾವುತನ ಮಗ. 1937ರ 'ಎಲಿಫೆಂಟ್ ಬಾಯ್' ಅವನನ್ನು ಲಂಡನ್ನಿಗೆ ಮುಟ್ಟಿಸಿತು. 1940ರ 'ದಿ ಥೀಫ್ ಆಫ್ ಬಾಗ್ದಾದ್' ಚಿತ್ರದಲ್ಲಿ ಅವನು ಬೆಟ್ಟದಂಥ ಜಿನ್ನಿಯ ಮುಂದೆ ನಿಲ್ಲಬೇಕಿತ್ತು. ಸ್ಪೆಷಲ್ ಎಫೆಕ್ಟ್ಸ್ ನೋಡಿಕೊಂಡ ಲ್ಯಾರಿ ಬಟ್ಲರ್ ನಟರ ಹಿಂದೆ ನೀಲಿ ಪರದೆ ಕಟ್ಟಿ, ಆ ನೀಲಿಯನ್ನು ಕಳೆದು, ಖಾಲಿಯಾದ ಜಾಗಕ್ಕೆ ಬೇರೆ ದೃಶ್ಯ ತುಂಬಿದ. ಚಿತ್ರಕ್ಕೆ ಆಸ್ಕರ್ ಬಂತು. ಆದರೆ ಇವತ್ತಿನ ಕಣ್ಣಿಗೆ ಅದರಲ್ಲಿ ಮೊದಲು ಬೀಳುವುದೇ ಅಂಚು.

ಗೆರೆ ಯಾಕೆ ಉಳಿಯಿತು? ಕತ್ತರಿಸುವ ಕೆಲಸವನ್ನು ಕಪ್ಪು-ಬಿಳುಪಿನ ಇನ್ನೊಂದು ಫಿಲ್ಮು ಮಾಡುತ್ತಿತ್ತು: ಕಪ್ಪಿದ್ದಲ್ಲಿ ನಟ, ಬಿಳಿ ಇದ್ದಲ್ಲಿ ಬ್ಯಾಕ್‌ಗ್ರೌಂಡು. ನಡುವಿನ ಬೂದಿಗೆ ಅಲ್ಲಿ ಜಾಗವಿರಲಿಲ್ಲ. ಕೂದಲು, ಹೊಗೆ, ಗಾಜಿನ ಲೋಟ ಇಂಥವೆಲ್ಲ ಅರ್ಧಂಬರ್ಧ ಪಾರದರ್ಶಕ. ಅವು ಒಂದೋ ಪೂರಾ ಮಾಯವಾಗುತ್ತಿದ್ದವು, ಇಲ್ಲವೇ ನೀಲಿ ಬಳಿದುಕೊಂಡು ಬರುತ್ತಿದ್ದವು. ಕತ್ತರಿ ಇನ್ನಷ್ಟು ಹರಿತವಾದರೆ ಸರಿಹೋಗುತ್ತದೆ ಎಂದೇ ಬಹಳ ಜನ ನಂಬಿದ್ದರು.

ಎಂಜಿನಿಯರ್ ಪೆಟ್ರೊ ವ್ಲಾಹೋಸ್ ಈ ಸಮಸ್ಯೆಗೆ ಬೇರೆ ಕಡೆಯಿಂದ ಬಂದ. 'ಬೆನ್-ಹರ್' (1959) ಚಿತ್ರಕ್ಕಾಗಿ ಎಂಜಿಎಂ ಸ್ಟುಡಿಯೋ ಅಂಚು ಸರಿಪಡಿಸುವ ಕೆಲಸವನ್ನು ಅವನಿಗೆ ವಹಿಸಿತು. ಅವನು ಬಣ್ಣಗಳನ್ನೇ ಕೂತು ನೋಡಿದ. ಚರ್ಮ, ಕೂದಲು, ಮರ, ಮಣ್ಣು ಯಾವುದನ್ನೇ ತೆಗೆದುಕೊಳ್ಳಿ, ನೀಲಿಯ ಪಾಲು ಹಸಿರಿನ ಪಾಲನ್ನು ಮೀರುವುದು ಅಪರೂಪ. ಹಾಗಿದ್ದರೆ ಅಂಚಿನಲ್ಲಿ ನೀಲಿ ಹಸಿರಿಗಿಂತ ಹೆಚ್ಚಾದಷ್ಟೂ ಅದು ಪರದೆಯದು, ನಟನದಲ್ಲ. ಹೆಚ್ಚಾದದ್ದನ್ನು ಹಸಿರಿನ ಮಟ್ಟಕ್ಕೆ ಇಳಿಸಿಬಿಟ್ಟರೆ ನೀಲಿ ಅಂಚು ಹೋಯಿತು, ಕೂದಲ ಎಳೆ ಉಳಿಯಿತು. ಇಡೀ ಕತೆಯಲ್ಲಿ ನನಗೆ ಅತಿ ಇಷ್ಟವಾದ ಜಾಣತನ ಇದು: ಹೊಸ ಯಂತ್ರವಿಲ್ಲ, ಬರೀ ಒಂದು ಗಮನಿಕೆ. ನೀಲಿ ಅಂಗಿ ತೊಟ್ಟ ನಟ ಮಾತ್ರ ಕೆಟ್ಟ. ಈಗಿನ ಸ್ಟುಡಿಯೋಗಳಲ್ಲಿ ಹಸಿರು ಪರದೆ ಬಂದಿರುವುದಕ್ಕೆ, ಡಿಜಿಟಲ್ ಕ್ಯಾಮೆರಾದ ಸೆನ್ಸಾರಿನಲ್ಲಿ ಹಸಿರು ಗ್ರಹಿಸುವ ಬಿಂದುಗಳು ನೀಲಿಯವಕ್ಕಿಂತ ಎರಡು ಪಟ್ಟು ಇರುವುದೂ ಒಂದು ಕಾರಣ. ಲೆಕ್ಕ ಅದೇ, ಬಣ್ಣ ಅದಲುಬದಲು. ಮದುಮಗಳಿಗೆ ಹಸಿರು ಸೀರೆ ಉಡಿಸಿ ಅದರ ಮುಂದೆ ನಿಲ್ಲಿಸಿದರೆ ಗತಿ ಏನೆಂದು ಕೇಳಬೇಡಿ.

ಉಳಿದ ಕೆಲಸ ಕಂಪ್ಯೂಟರಿನದು. 1977ರ ಹೊತ್ತಿಗೆ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಡ್ ಕ್ಯಾಟ್‌ಮಲ್ ತನ್ನ ಚಿತ್ರವನ್ನು ಬೇರೆ ಬೇರೆ ಬ್ಯಾಕ್‌ಗ್ರೌಂಡುಗಳ ಮೇಲೆ ಕೂರಿಸಿ ನೋಡುತ್ತಿದ್ದ. ಬ್ಯಾಕ್‌ಗ್ರೌಂಡು ಬದಲಾದಾಗೆಲ್ಲ ಚಿತ್ರವನ್ನು ಮೊದಲಿನಿಂದ ಲೆಕ್ಕ ಹಾಕಿಸಬೇಕು. ಜೊತೆಗಿದ್ದ ಆಲ್ವಿ ರೇ ಸ್ಮಿತ್‌ಗೆ ಹೊಳೆಯಿತು: ಕೆಂಪು, ಹಸಿರು, ನೀಲಿ ಜೊತೆಗೆ ನಾಲ್ಕನೆಯ ಅಂಕಿಯೊಂದನ್ನೂ ಪಿಕ್ಸೆಲ್ಲಿನಲ್ಲೇ ಇಟ್ಟರೆ? ಈ ಪಿಕ್ಸೆಲ್ಲಿನಲ್ಲಿ ಚಿತ್ರದ ಪಾಲು ಎಷ್ಟು ಎಂಬುದೇ ಆ ಅಂಕಿ. ಎರಡು ಬಣ್ಣ ಬೆರೆಸುವ ಸೂತ್ರದಲ್ಲಿದ್ದ ಗ್ರೀಕ್ ಅಕ್ಷರದಿಂದ ಅದಕ್ಕೆ ಆಲ್ಫಾ ಎಂದು ಹೆಸರಿಟ್ಟರು. ಮೆಮೊರಿ ಮೂರರಲ್ಲೊಂದು ಪಾಲು ಹೆಚ್ಚು ಬೇಕು. ಆ ಕಾಲಕ್ಕೆ ಅದು ಸಣ್ಣ ಖರ್ಚಲ್ಲ.

ಅಂಚು ಗೆರೆಯಲ್ಲ, ಬೆರಕೆಯ ಪಟ್ಟಿ ಎಂದು ಒಪ್ಪಿದ್ದೇ ಇಲ್ಲಿಯ ಗೆಲುವು. ಗಡಿ ತಾಲ್ಲೂಕಿನ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಡಚಿ ದಾಟಿ ಮಿರಜಿಗೆ ಹೋಗುವಾಗ ಕನ್ನಡ ಎಲ್ಲಿ ಮುಗಿದು ಮರಾಠಿ ಎಲ್ಲಿ ಸುರುವಾಯಿತೆಂದು ಯಾರು ಗೆರೆ ಎಳೆದಾರು?

ಒಂದು ಪಿಕ್ಸೆಲ್ ಹಿಡಿದು ನೋಡೋಣ. ಕಪ್ಪು ಕೂದಲಿನ ಹೊಳಪು 20, ಸುಣ್ಣದ ಗೋಡೆಯದು 240. ಅಂಚಿನಲ್ಲಿ ಎರಡೂ ಅರ್ಧರ್ಧ ಬೆರೆತರೆ 130. ಕತ್ತರಿಸಿ ಕಡುಬಣ್ಣದ ಮೇಲಿಟ್ಟರೆ ಆ 130 ಬಿಳಿಯಾಗಿ ಕಣ್ಣಿಗೆ ಹೊಡೆಯುತ್ತದೆ. ಆಲ್ಫಾ 0.5 ಎಂದು ಗೊತ್ತಿದ್ದರೆ ಗೋಡೆಯ 120 ಕಳೆಯಿರಿ, ಕೂದಲಿನ ಪಾಲು 10 ಉಳಿಯಿತು. ಹೊಸ ಬ್ಯಾಕ್‌ಗ್ರೌಂಡು 40 ಆದರೆ ಅದರ ಅರ್ಧ 20 ಕೂಡಿಸಿ, 30 ಬಂತು. ಗೆರೆ ಇಲ್ಲ. ಬಣ್ಣವನ್ನು ಹೀಗೆ ಆಲ್ಫಾದಿಂದ ಮೊದಲೇ ಗುಣಿಸಿ, ಅಂದರೆ 10 ಎಂದೇ, ಇಟ್ಟುಕೊಳ್ಳಿ ಎಂದು 1984ರಲ್ಲಿ ಲೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ತೋರಿಸಿಕೊಟ್ಟರು. ಸ್ಮಿತ್, ಕ್ಯಾಟ್‌ಮಲ್ ಸೇರಿ ನಾಲ್ವರಿಗೂ 1996ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು.

ಆದರೆ ಮೊಬೈಲಿನ ಫೋಟೋದಲ್ಲಿ ಆಲ್ಫಾ ಇರುವುದೇ ಇಲ್ಲ, ಅದನ್ನು ಊಹಿಸಬೇಕು. 1990ರಲ್ಲಿ ಬಂದ ಫೋಟೊಶಾಪಿನ ಡಿಫ್ರಿಂಜ್ ಆ ಲೆಕ್ಕದ ತಂಟೆಗೇ ಹೋಗದೆ ಅಡ್ಡದಾರಿ ಹಿಡಿಯುತ್ತದೆ: ಅಂಚಿನ ಪಿಕ್ಸೆಲ್ಲಿನ ಬಣ್ಣ ಬಿಸಾಕಿ, ಒಳಗಿನ ಶುದ್ಧ ಬಣ್ಣವನ್ನು ಅಲ್ಲಿಗೆ ಎಳೆಯುತ್ತದೆ. ಪೇಟಾದಂಥ ಗಟ್ಟಿ ಅಂಚಿಗೆ ಒಂದು ಪಿಕ್ಸೆಲ್ ಸಾಕು. ಮೂರು, ನಾಲ್ಕು ಕೊಟ್ಟರೆ ಜರಿಯ ಅಂಚೇ ಬಳಿದಂತಾಗುತ್ತದೆ. ಕೂದಲಿಗೆ ಅದು ನಡೆಯುವುದಿಲ್ಲ. ಅಲ್ಲಿಗೆ ಸೆಲೆಕ್ಟ್ ಅಂಡ್ ಮಾಸ್ಕ್ (ಹಿಂದಿನ ರಿಫೈನ್ ಎಡ್ಜ್) ಒಳಗಿನ ಡೀಕಂಟ್ಯಾಮಿನೇಟ್ ಕಲರ್ಸ್ ಬೇಕು.

ಇಷ್ಟೆಲ್ಲ ಮಾಡಿ ಕೊನೆಗೆ ಜೆಪೆಗ್ ಮಾಡಿದರೆ ಮುಗಿಯಿತು, ಆ ಫೈಲಿನಲ್ಲಿ ನಾಲ್ಕನೆಯ ಅಂಕಿಗೆ ಜಾಗವಿಲ್ಲ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೂ ಅದೇ ಆಗುತ್ತದೆ. ಫ್ಲೆಕ್ಸಿನವರಿಗೆ ಕಳಿಸುವಾಗ ಪಿಎನ್‌ಜಿ ಮಾಡಿ, ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ.