ಆರು ಅಂಕಿಗಳ ಗುಟ್ಟು: ವರ್ತಕರ ವಾಟ್ಸ್ಆ್ಯಪ್ ಖಾತೆಯ ರಕ್ಷಣೆ

ಕೊಟ್ಟೂರಿನಂತಹ ಮಾರುಕಟ್ಟೆ ಊರುಗಳಲ್ಲಿ ಬಾಯಿಮಾತಿನ ಕೈಗಡ ಹೊಸದೇನಲ್ಲ. "ಸಂಜೆಯೊಳಗೆ ಮುಟ್ಟಿಸುವೆ" ಎಂಬ ಮಾತಿನ ಮೇಲೆಯೇ ದೊಡ್ಡ ಮೊತ್ತ ಕೈ ಬದಲಾಗುವುದುಂಟು. ಆ ಮಾತು ಈಗ ವಾಟ್ಸ್ಆ್ಯಪ್ ಮೂಲಕವೂ ಬರುವುದರಿಂದ, ವರ್ತಕನ ಖಾತೆಯನ್ನು ಕದ್ದವನಿಗೆ ಆತನ ಪತ್ತೂ ದಕ್ಕಿದಂತಾಗುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಚಿತ್ರನಟ ಉಪೇಂದ್ರ ಹಾಗೂ ಅವರ ಪತ್ನಿ ಪ್ರಿಯಾಂಕಾ ಈ ಬಗೆಯ ವಂಚನೆಗೆ ಒಳಗಾದರು. ಆನ್‌ಲೈನ್‌ನಲ್ಲಿ ತರಿಸಿದ ಸಾಮಗ್ರಿಯ ವಿತರಣೆಯ ನೆಪದಲ್ಲಿ ಕರೆಮಾಡಿದವನು ಕೆಲವು ಚಿಹ್ನೆ ಮತ್ತು ಅಂಕಿಗಳನ್ನು ಒತ್ತುವಂತೆ ಸೂಚಿಸಿದ್ದನು. ಬಳಿಕ ಅವರ ಹೆಸರಿನಲ್ಲಿ ಪರಿಚಿತರಿಗೆ ಹಣ ಕೋರುವ ಸಂದೇಶಗಳು ಹೋದವು. ನಂಬಿ ಹಣ ಕಳುಹಿಸಿದವರಲ್ಲಿ ಅವರ ಮಗನೂ ಒಬ್ಬರು.

ಇದರ ಒಳಮರ್ಮ ಸರಳ. *21* ಎಂದು ಆರಂಭವಾಗುವ ಸಂಕೇತವು ಒಂದು ಮೊಬೈಲಿಗೆ ಬರುವ ಕರೆಗಳೆಲ್ಲವನ್ನೂ ಬೇರೊಂದು ಸಂಖ್ಯೆಗೆ ತಿರುಗಿಸುವ ಆಜ್ಞೆ. ವಾಟ್ಸ್ಆ್ಯಪ್ ತನ್ನ ಆರು ಅಂಕಿಗಳ ದೃಢೀಕರಣ ಸಂಖ್ಯೆಯನ್ನು ಕರೆಯ ಮೂಲಕವೂ ತಿಳಿಸುವುದರಿಂದ, ತಿರುಗಿದ ಆ ಕರೆ ನೇರವಾಗಿ ವಂಚಕನಿಗೆ ತಲುಪಿ, ಖಾತೆಯು ಅವನ ಫೋನಿನಲ್ಲಿ ತೆರೆದುಕೊಳ್ಳುತ್ತದೆ. ಇನ್ನೂ ಕೆಲವೆಡೆ ವಂಚಕರು ಏನೇನೋ ನೆಪ ಹೇಳಿ ಆ ಸಂಖ್ಯೆಯನ್ನೇ ಬಾಯಿಬಿಟ್ಟು ಕೇಳುತ್ತಾರೆ. ಅದನ್ನು ಹೇಳುವುದೆಂದರೆ ಖಾಲಿ ಚೆಕ್ಕಿಗೆ ಸಹಿ ಹಾಕಿಕೊಟ್ಟಂತೆಯೇ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಸಂದೇಹ ಬಂದು ಅದೇ ಸಂಖ್ಯೆಗೆ ಕರೆಮಾಡಿದರೆ ಆ ಕರೆಯೂ ವಂಚಕನ ಕಡೆಗೇ ತಿರುಗೀತು. ಆದ್ದರಿಂದ ಹಣ ಕಳುಹಿಸುವ ಮುನ್ನ, ಅಥವಾ ಸರಕು ಸರಬರಾಜುದಾರರು "ಬ್ಯಾಂಕ್ ಖಾತೆ ಬದಲಾಗಿದೆ" ಎಂದು ಸಂದೇಶ ಕಳುಹಿಸಿದಾಗ, ಅಂಗಡಿಯ ಸ್ಥಿರ ದೂರವಾಣಿಗೋ ಅವರ ಗುಮಾಸ್ತರಿಗೋ ಕರೆಮಾಡಿ ಖಚಿತಪಡಿಸಿಕೊಳ್ಳುವುದು ಲೇಸು. ಊರೊಳಗಿನವರಾದರೆ ನಾಲ್ಕು ಹೆಜ್ಜೆ ನಡೆದು ಹೋಗಿ ಕೇಳಿದರೂ ನಷ್ಟವಿಲ್ಲ.

ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ವಿಭಾಗದ 'ಟು-ಸ್ಟೆಪ್ ವೆರಿಫಿಕೇಷನ್' ತೆರೆದು ಸ್ವಂತದ ಆರು ಅಂಕಿಗಳ ಪಿನ್ ಇಟ್ಟುಕೊಂಡರೆ, ದೃಢೀಕರಣ ಸಂಖ್ಯೆ ಸೋರಿದರೂ ಖಾತೆ ಸುಲಭವಾಗಿ ಕೈತಪ್ಪದು. ಅಂಗಡಿಯ ಗಣಕಯಂತ್ರದಲ್ಲಿ ಖಾತೆ ತೆರೆದಿಡುವ ವಾಡಿಕೆಯುಳ್ಳವರು 'ಲಿಂಕ್ಡ್ ಡಿವೈಸಸ್' ಪಟ್ಟಿಯನ್ನು ಆಗಾಗ್ಗೆ ನೋಡಿ, ಗುರುತಿಲ್ಲದ ಸಾಧನಗಳನ್ನು ತೆಗೆದುಹಾಕಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟವುಳ್ಳ ತಯಾರಕರಿಗೆ "ಕೃತಿಸ್ವಾಮ್ಯ ಉಲ್ಲಂಘನೆ, ಪುಟ ರದ್ದಾಗಲಿದೆ" ಎಂಬ ಹುಸಿ ನೋಟಿಸುಗಳೂ ಬರುತ್ತವೆ. ಅದರಲ್ಲಿನ ಕೊಂಡಿಯನ್ನು ಒತ್ತಿ ಪಾಸ್‌ವರ್ಡ್ ನಮೂದಿಸಬಾರದು.

ಖಾತೆ ಕೈತಪ್ಪಿದ್ದರೆ ಮೊದಲು ##002# ಒತ್ತಿ ಕರೆ ತಿರುಗಿಸುವಿಕೆಯನ್ನು ರದ್ದುಪಡಿಸಿ, ನಂತರ ತಮ್ಮ ಸಂಖ್ಯೆಯನ್ನು ವಾಟ್ಸ್ಆ್ಯಪ್‌ನಲ್ಲಿ ಪುನಃ ನೋಂದಾಯಿಸಬೇಕು. ಎಸ್ಸೆಮ್ಮೆಸ್‌ನಲ್ಲಿ ಬಂದ ಸಂಖ್ಯೆಯನ್ನು ನಮೂದಿಸಿದೊಡನೆ ವಂಚಕನು ಹೊರಬೀಳುತ್ತಾನೆ. ಆತ ತನ್ನದೇ ಪಿನ್ ಇಟ್ಟಿದ್ದಲ್ಲಿ ಖಾತೆ ಮರಳಿ ತೆರೆಯಲು 7 ದಿನ ಕಾಯಬೇಕಾದೀತು. ಆ ಅವಧಿಯಲ್ಲಿ ಗಿರಾಕಿಗಳಿಗೂ ದಲಾಲರಿಗೂ ಬೇರೆ ದಾರಿಯಿಂದ ಸುದ್ದಿ ಮುಟ್ಟಿಸುವುದು ಅವಶ್ಯ. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ತಿಳಿಸಬೇಕು. ಹಣ ಮುಂದಿನ ಖಾತೆಗಳಿಗೆ ಜಾರುವ ಮೊದಲೇ ಅದನ್ನು ತಡೆಹಿಡಿಸಲು ಆಗ ಅವಕಾಶವಿರುತ್ತದೆ. ವಂಚಕನ ಸಂದೇಶಗಳನ್ನು ಅಳಿಸದೆ ಉಳಿಸಿಕೊಂಡರೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಮತ್ತು 66ಡಿ ಕಲಮುಗಳ ಅಡಿಯಲ್ಲಿ ದೂರು ದಾಖಲಿಸುವಾಗ ಅವೇ ಪುರಾವೆಯಾಗುತ್ತವೆ.